ಎಂಟು ರೂಪಾಯಿಯ ಮಗು

ಅಂಗನವಾಡಿಗೆ ಬರುವ ಒಂದು ಮಗುವಿನ ಒಂದು ದಿನದ ಪೌಷ್ಟಿಕ ಆಹಾರಕ್ಕೆ ಭಾರತ ಸರ್ಕಾರ 2017ರಲ್ಲಿ ಕಟ್ಟಿದ ಬೆಲೆ ಎಂಟು ರೂಪಾಯಿ. ಅದರಲ್ಲಿ ಅರ್ಧ ಕೇಂದ್ರದ್ದು, ಅರ್ಧ ರಾಜ್ಯದ್ದು. ಗರ್ಭಿಣಿಗೆ, ಬಾಣಂತಿಗೆ ಒಂಬತ್ತೂವರೆ ರೂಪಾಯಿ. ತೀವ್ರ ಅಪೌಷ್ಟಿಕತೆಯಿಂದ ಎಲುಬು ಬಿಟ್ಟುಕೊಂಡ ಮಗುವಿಗೆ ಹನ್ನೆರಡು. ಅದಕ್ಕೂ ಮುಂಚೆ, 2012ರಿಂದ, ಮಗುವಿನ ಬೆಲೆ ಆರು ರೂಪಾಯಿ ಇತ್ತು. 2024ನೇ ಇಸವಿ ಮುಗಿಯುವಾಗಲೂ ಎಂಟು ಎಂಟಾಗಿಯೇ ಉಳಿದಿತ್ತು. ಈ ನಡುವೆ ತೊಗರಿಬೇಳೆಯ ಬೆಲೆ ಏರಿತು, ಅಡುಗೆ ಎಣ್ಣೆಯ ಬೆಲೆ ಏರಿತು, ಗ್ಯಾಸಿನ ಬೆಲೆ ಏರಿತು. ಶಾಸಕರ ಸಂಬಳ ಏರಿತು, ಸಂಸದರ ಭತ್ಯೆಯೂ ಏರಿತು. ಏರುವುದನ್ನು ಮರೆತದ್ದು ಮಗುವಿನ ತಟ್ಟೆಯ ಬೆಲೆಯೊಂದೇ.

ಈ ದುಡ್ಡಿನಲ್ಲಿ ಏನೇನು ಕೊಡಬೇಕು ಎಂಬುದಕ್ಕೂ ನಿಯಮವಿದೆ. 2009ರಲ್ಲಿ ಪರಿಷ್ಕರಿಸಿದಾಗ ಆ ನಿಯಮದಂತೆ ಮಗುವಿಗೆ ದಿನಕ್ಕೆ 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನು ಸಿಗಬೇಕಿತ್ತು. ಒಂದು ಕೋಳಿಮೊಟ್ಟೆಯಲ್ಲಿ ಹೆಚ್ಚುಕಡಿಮೆ ಆರು ಗ್ರಾಂ ಪ್ರೋಟೀನಿದೆ. ಒಂದು ಮೊಟ್ಟೆಯ ಬೆಲೆ ಅಂಗಡಿಯಲ್ಲಿ ಎಷ್ಟೆಂದು ಓದುಗರಿಗೆ ಹೇಳಬೇಕಾಗಿಲ್ಲ. ಅಕ್ಕಿ-ಗೋಧಿ ರಿಯಾಯಿತಿ ದರದಲ್ಲಿ ಸಿಗುತ್ತದೆ, ಕರ್ನಾಟಕ ಸರ್ಕಾರ ಹಾಲಿಗೂ ಮೊಟ್ಟೆಗೂ ತನ್ನ ಬೊಕ್ಕಸದಿಂದ ಹೆಚ್ಚುವರಿಯಾಗಿ ಹಾಕುತ್ತದೆ ಎಂಬುದನ್ನು ನ್ಯಾಯವಾಗಿ ಒಪ್ಪೋಣ. ಒಪ್ಪಿದ ಮೇಲೂ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಚಹಾದಂಗಡಿಯಲ್ಲಿ ಒಂದು ಲೋಟ ಚಹಾ ಕುಡಿಯಲು ಸಾಲದ ದುಡ್ಡಿನಲ್ಲಿ ಈ ನಾಡು ತನ್ನ ಮುಂದಿನ ಪೀಳಿಗೆಯ ಮೈಮನಸ್ಸು ಬೆಳೆಸಲು ಹೊರಟಿದೆಯಲ್ಲ, ಇದನ್ನು ಯೋಜನೆ ಎನ್ನುವುದೋ, ಶಾಸ್ತ್ರಕ್ಕೆ ಮಾಡಿದ ಕೆಲಸ ಎನ್ನುವುದೋ?

ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು, ದೇಶದ 33 ಕಡೆಗಳಲ್ಲಿ. ನಮ್ಮ ರಾಜ್ಯದಲ್ಲಿ ಅದು ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. 2025ಕ್ಕೆ ಅದಕ್ಕೆ ಐವತ್ತು ತುಂಬಿತು. ಇಂದು ಕರ್ನಾಟಕದಲ್ಲಿ ಅರವತ್ತೈದು ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಇದು ಸಣ್ಣ ಸಾಧನೆಯಲ್ಲ. ಬಸ್ಸು ಹೋಗದ ಹಾಡಿಗೂ, ಪೋಸ್ಟಾಫೀಸಿಲ್ಲದ ತಾಂಡಾಕ್ಕೂ ಅಂಗನವಾಡಿ ಹೋಗಿದೆ. ಆದರೆ ಐವತ್ತು ವರ್ಷದ ನಂತರ ನಮ್ಮ ಮಕ್ಕಳು ಹೇಗಿದ್ದಾರೆ? ಸರ್ಕಾರವೇ ನಡೆಸಿದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2019-21ರಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 35.4 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಶೇಕಡಾ 32.9 ಮಕ್ಕಳಿಗೆ ವಯಸ್ಸಿಗೆ ತಕ್ಕ ತೂಕವಿಲ್ಲ. ಎತ್ತರಕ್ಕೆ ತಕ್ಕ ಮೈಯಿಲ್ಲದೆ ಸೊರಗಿದ ಮಕ್ಕಳ ಪ್ರಮಾಣ ಅದರ ಹಿಂದಿನ ಸಮೀಕ್ಷೆಯ 26.1ರಿಂದ 19.5ಕ್ಕೆ ಇಳಿದದ್ದು ಸಮಾಧಾನದ ಸಂಗತಿ. ಆದರೆ ರಕ್ತಹೀನತೆ ಇರುವ ಮಕ್ಕಳು 60.9ರಿಂದ 65.5ಕ್ಕೆ ಏರಿದ್ದಾರೆ. ಮೂವರಲ್ಲಿ ಇಬ್ಬರು ಮಕ್ಕಳ ರಕ್ತ ತೆಳುವಾಗಿರುವ ರಾಜ್ಯವನ್ನು ನಾವು ಮಾಹಿತಿ ತಂತ್ರಜ್ಞಾನದ ರಾಜಧಾನಿ ಎಂದು ಕರೆದು ಬೀಗುತ್ತಿದ್ದೇವೆ.

ಇಲ್ಲಿಗೆ ಬಂದ ಕೂಡಲೇ ಒಂದು ಗೊಣಗಾಟ ಕೇಳಿಸುತ್ತದೆ. 'ಹೆತ್ತವರು ಸಾಕಬೇಕು, ಸರ್ಕಾರ ಯಾಕೆ ಉಣಿಸಬೇಕು? ಎಲ್ಲ ಬಿಟ್ಟಿ ಭಾಗ್ಯ, ತೆರಿಗೆ ಕಟ್ಟುವವರು ನಾವು.' ಹೀಗೆ ಹೇಳುವವರು ಒಮ್ಮೆ ಸಂವಿಧಾನದ 47ನೇ ವಿಧಿಯನ್ನು ಓದಲಿ. ಜನರ ಪೌಷ್ಟಿಕತೆಯ ಮಟ್ಟವನ್ನು ಎತ್ತರಿಸುವುದು ರಾಜ್ಯದ ಪ್ರಾಥಮಿಕ ಕರ್ತವ್ಯಗಳಲ್ಲೊಂದು ಎಂದು ಅದು ಹೇಳುತ್ತದೆ. ಇನ್ನು ತೆರಿಗೆಯ ಮಾತು. ಬೆಂಕಿಪೊಟ್ಟಣ ಕೊಳ್ಳುವ ಕೂಲಿಯವಳೂ ತೆರಿಗೆ ಕಟ್ಟಿಯೇ ಕೊಳ್ಳುತ್ತಾಳೆ. 2019ರ ಸೆಪ್ಟೆಂಬರಿನಲ್ಲಿ ಕಂಪನಿಗಳ ಮೇಲಿನ ತೆರಿಗೆಯನ್ನು ಶೇಕಡಾ 30ರಿಂದ 22ಕ್ಕೆ ಇಳಿಸಿದಾಗ ಬೊಕ್ಕಸಕ್ಕೆ ವರ್ಷಕ್ಕೆ 1 ಲಕ್ಷದ 45 ಸಾವಿರ ಕೋಟಿ ರೂಪಾಯಿ ಖೋತಾ ಎಂದು ಸರ್ಕಾರವೇ ಅಂದಾಜು ಮಾಡಿತ್ತು. ಅಂಗನವಾಡಿ ಮತ್ತು ಪೋಷಣೆ ಯೋಜನೆಗೆ 2021-22ರ ಕೇಂದ್ರ ಬಜೆಟ್ಟಿನಲ್ಲಿ ಇಟ್ಟದ್ದು 20,105 ಕೋಟಿ. ನಾಲ್ಕು ವರ್ಷ ಕಳೆದು 2025-26ರಲ್ಲಿ ಇಟ್ಟದ್ದು 21,960 ಕೋಟಿ. ಅಂದರೆ ನಾಲ್ಕು ವರ್ಷಕ್ಕೆ ನೂರಕ್ಕೆ ಒಂಬತ್ತರಷ್ಟು ಏರಿಕೆ. ಬೆಲೆಯೇರಿಕೆಯನ್ನು ಕಳೆದರೆ ಇದು ಏರಿಕೆಯಲ್ಲ, ಇಳಿಕೆ. ಕಂಪನಿಗೆ ಬಿಟ್ಟುಕೊಟ್ಟರೆ ಅದು 'ಪ್ರೋತ್ಸಾಹ', ಕೂಸಿಗೆ ಕೊಟ್ಟರೆ ಅದು 'ಬಿಟ್ಟಿ'. ಈ ಭಾಷೆಯನ್ನು ನಮಗೆ ಕಲಿಸಿದವರು ಯಾರು?

ಭಾಷೆಯ ಮಾತು ಬಂದದ್ದರಿಂದ ಸರ್ಕಾರದ ಭಾಷೆಯನ್ನೂ ನೋಡೋಣ. ನಮ್ಮಲ್ಲಿ ಎಲ್ಲವೂ 'ಭಾಗ್ಯ'. 2013ರ ಆಗಸ್ಟ್ 1ರಂದು ಆರಂಭವಾದ 'ಕ್ಷೀರಭಾಗ್ಯ' ಒಳ್ಳೆಯ ಯೋಜನೆ. ಅಂಗನವಾಡಿ ಮತ್ತು ಶಾಲೆಯ ಮಕ್ಕಳಿಗೆ 150 ಮಿಲಿಲೀಟರ್ ಹಾಲು ಕೊಡುವ ಈ ಯೋಜನೆಗೆ ಯಾರದೂ ತಕರಾರಿಲ್ಲ. ತಕರಾರಿರುವುದು ಹೆಸರಿನ ಮೇಲೆ. ಭಾಗ್ಯ ಎಂದರೆ ಹಣೆಬರಹ ಚೆನ್ನಾಗಿದ್ದವರಿಗೆ ಒದಗುವುದು. ನಮ್ಮ ಮನೆಗಳಲ್ಲಿ ಅದಕ್ಕೇ 'ಕಿಸ್ಮತ್' ಅನ್ನುತ್ತಾರೆ. ಕಿಸ್ಮತ್ತಿನಿಂದ ಬಂದದ್ದು ಕಿಸ್ಮತ್ತು ಕೆಟ್ಟ ದಿನ ಹೋಗುತ್ತದೆ. ಹಕ್ಕಿನಿಂದ ಬಂದದ್ದು ಹಾಗೆ ಹೋಗುವುದಿಲ್ಲ. ಅದು ಹೋದರೆ ಕೇಳುವುದಕ್ಕೆ ಒಂದು ಬಾಗಿಲಿರುತ್ತದೆ. ಪಿಯುಸಿಎಲ್ ಸಂಘಟನೆ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2001ರ ನವೆಂಬರಿನಲ್ಲಿ ಅಂಗನವಾಡಿಯ ಆಹಾರವನ್ನು ಮಕ್ಕಳ ಹಕ್ಕೆಂದೇ ಪರಿಗಣಿಸಿ ಆದೇಶ ನೀಡಿತು. 2004ರಲ್ಲಿ ಈ ಆಹಾರ ಪೂರೈಕೆಗೆ ಗುತ್ತಿಗೆದಾರರನ್ನು ಬಳಸಬಾರದೆಂದಿತು. 2006ರ ಡಿಸೆಂಬರಿನಲ್ಲಿ, ಆರು ವರ್ಷದೊಳಗಿನ ನಲವತ್ತು ಮಕ್ಕಳಿದ್ದೂ ಅಂಗನವಾಡಿಯಿಲ್ಲದ ಊರಿನವರು, ಕೊಳೆಗೇರಿಯವರು ಕೇಳಿದರೆ ಮೂರು ತಿಂಗಳೊಳಗೆ ತೆರೆಯಬೇಕೆಂದು ಹೇಳಿತು. 2013ರ ಆಹಾರ ಭದ್ರತಾ ಕಾಯ್ದೆ ಅಂಗನವಾಡಿಯ ಆಹಾರದ ಹಕ್ಕನ್ನು ಕಾನೂನಿನ ಪುಸ್ತಕಕ್ಕೆ ಸೇರಿಸಿತು. ಇಷ್ಟಾದ ಮೇಲೂ ಮಂತ್ರಿಗಳು ಮಗುವಿನ ಕೈಗೆ ಹಾಲಿನ ಲೋಟ ಕೊಡುತ್ತ ಫೋಟೋಗೆ ನಿಲ್ಲುವಾಗ ಅವರ ಮುಖದಲ್ಲಿ ದಾನಿಯ ಕಳೆಯೇ ಇರುತ್ತದೆ. ಸಾಲ ತೀರಿಸುವವನು ಹೀಗೆ ಫೋಟೋಗೆ ನಿಲ್ಲುವುದುಂಟೇ?

ಫೋಟೋ ಎಂದಾಗ ಕೊಪ್ಪಳ ಜಿಲ್ಲೆಯ ಗುಂಡೂರು ನೆನಪಾಗುತ್ತದೆ. 2024ರ ಆಗಸ್ಟಿನಲ್ಲಿ ಆ ಊರಿನ ಅಂಗನವಾಡಿಯ ವಿಡಿಯೋ ಒಂದು ನಾಡಿನಾದ್ಯಂತ ಹರಿದಾಡಿತು. ಸಾಲಾಗಿ ಕೂತ ಮಕ್ಕಳ ತಟ್ಟೆಗೆ ಮೊಟ್ಟೆ ಬಡಿಸಿ, ಚಿತ್ರೀಕರಣ ಮುಗಿದ ಕೂಡಲೇ ಆ ಮೊಟ್ಟೆಗಳನ್ನು ತಟ್ಟೆಯಿಂದ ವಾಪಸು ತೆಗೆದುಕೊಳ್ಳಲಾಗಿತ್ತು. ಇಬ್ಬರು ಸಿಬ್ಬಂದಿಯ ಅಮಾನತಾಯಿತು. ಆಗಬೇಕಾದದ್ದೇ. ಮಗುವಿನ ತಟ್ಟೆಗೆ ಕೈ ಹಾಕುವುದಕ್ಕೆ ಸಮರ್ಥನೆ ಇಲ್ಲ. ಆದರೆ ಅಮಾನತಿನ ಆದೇಶದೊಂದಿಗೆ ಕಡತ ಮುಚ್ಚಿಬಿಟ್ಟರೆ ಆ ವಿಡಿಯೋ ನಮಗೆ ತೋರಿಸಿದ್ದನ್ನು ನಾವು ನೋಡಲಿಲ್ಲ ಎಂದೇ ಅರ್ಥ. ತಟ್ಟೆಗೆ ಇಡುವುದು, ಫೋಟೋ ತೆಗೆಯುವುದು, ವಾಪಸು ಪಡೆಯುವುದು ಆ ಇಬ್ಬರು ಹೆಂಗಸರು ಕಂಡುಹಿಡಿದ ವಿದ್ಯೆಯಲ್ಲ. 2015-16ರಲ್ಲಿ ಕೇಂದ್ರ ಬಜೆಟ್ಟಿನಲ್ಲಿ ಈ ಯೋಜನೆಯ ಹಣವನ್ನು ಹದಿನೆಂಟು ಸಾವಿರ ಕೋಟಿಯ ಮಟ್ಟದಿಂದ ಎಂಟು ಸಾವಿರ ಕೋಟಿಯ ಆಸುಪಾಸಿಗೆ ಇಳಿಸಲಾಗಿತ್ತು. ಗದ್ದಲವಾದ ಮೇಲೆ ಒಂದಿಷ್ಟು ಮರಳಿ ಸೇರಿಸಿದರು. ಆಗಲೂ ವಾಪಸು ಪಡೆದದ್ದು ಮೊಟ್ಟೆಯನ್ನೇ. ಅಂದು ಯಾರೂ ಅಮಾನತಾಗಲಿಲ್ಲ.

ಆ ಕಾರ್ಯಕರ್ತೆಯ ಜಾಗದಲ್ಲಿ ಒಂದು ದಿನ ನಿಂತು ನೋಡೋಣ. ಆಕೆ ಸರ್ಕಾರಿ ನೌಕರಳಲ್ಲ, 'ಗೌರವ ಸೇವಕಿ'. ಆಕೆಗೆ ಸಿಗುವುದು ಸಂಬಳವಲ್ಲ, ಗೌರವಧನ. ಗೌರವ ಎಷ್ಟಿದೆಯೋ ಧನವೂ ಅಷ್ಟೇ ಇದೆ. ಕೇಂದ್ರ ಸರ್ಕಾರ 2018ರ ಅಕ್ಟೋಬರಿನಲ್ಲಿ ಕಾರ್ಯಕರ್ತೆಗೆ ತಿಂಗಳಿಗೆ 4,500, ಸಹಾಯಕಿಗೆ 2,250 ರೂಪಾಯಿ ನಿಗದಿ ಮಾಡಿತು. ಮಿಕ್ಕದ್ದನ್ನು ರಾಜ್ಯ ಸೇರಿಸುತ್ತದೆ. 2025ರ ರಾಜ್ಯ ಬಜೆಟ್ಟಿನಲ್ಲಿ ಕಾರ್ಯಕರ್ತೆಗೆ ಸಾವಿರ, ಸಹಾಯಕಿಗೆ ಏಳುನೂರೈವತ್ತು ಏರಿಸಿದ್ದೇ ದೊಡ್ಡ ಸುದ್ದಿಯಾಯಿತು. ಮಕ್ಕಳ ತೂಕ ನೋಡುವುದು, ಅಡುಗೆ ಮಾಡಿಸುವುದು, ಅಕ್ಷರ ಕಲಿಸುವುದು, ಮನೆಮನೆ ಸರ್ವೆ, ಮತದಾರರ ಪಟ್ಟಿ, ಸರ್ಕಾರದ ಹೊಸ ಯೋಜನೆ ಯಾವುದು ಬಂದರೂ ಅದರ ಅರ್ಜಿ, ಎಲ್ಲಕ್ಕೂ ಆಕೆಯೇ. ಮೊಟ್ಟೆಯ ಬಿಲ್ಲು ತಿಂಗಳುಗಟ್ಟಲೆ ಬಾರದೆ, ಸರ್ಕಾರ ಕೊಡುವ ದರಕ್ಕೆ ಅಂಗಡಿಯಲ್ಲಿ ಮೊಟ್ಟೆ ಸಿಗದೆ ತಮ್ಮ ಕೈಯಿಂದ ಹಾಕಿ ತಂದಿದ್ದೇವೆ ಎಂದು ಈ ಹೆಂಗಸರು ಎಷ್ಟೋ ಸಲ ಹೇಳಿಕೊಂಡಿದ್ದಾರೆ. 2017ರ ಮಾರ್ಚಿನಲ್ಲಿ ಬೆಂಗಳೂರಿನ ರಸ್ತೆಯಲ್ಲಿ ಹಗಲು ರಾತ್ರಿ ಕೂತರು, ಅಲ್ಲೇ ಮಲಗಿದರು. 2023ರ ಜನವರಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ಮತ್ತೆ ಕೂತರು. ಇವರಿಗೆ ಗ್ರಾಚ್ಯುಟಿ ಸಲ್ಲಬೇಕೆಂದು ಹೇಳುವುದಕ್ಕೂ ಸುಪ್ರೀಂ ಕೋರ್ಟೇ ಬೇಕಾಯಿತು, ಅದೂ 2022ರಲ್ಲಿ. ಮಗುವಿಗೆ ಉಣಿಸುವ ಕೈಯೇ ಅರೆಹೊಟ್ಟೆಯಲ್ಲಿದ್ದರೆ ಆ ಕೈ ನಡುಗದೆ ಇರುತ್ತದೆಯೇ?

ಈಗ ಮೊಟ್ಟೆಯ ಜಗಳಕ್ಕೆ ಬರೋಣ. 2021ರ ಡಿಸೆಂಬರಿನಲ್ಲಿ ಬೀದರ್, ರಾಯಚೂರು, ಕಲಬುರಗಿ, ಯಾದಗಿರಿ, ಕೊಪ್ಪಳ, ಬಳ್ಳಾರಿ, ವಿಜಯಪುರ ಜಿಲ್ಲೆಗಳ ಶಾಲಾ ಮಕ್ಕಳಿಗೆ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಸರ್ಕಾರ ಶುರುಮಾಡಿದಾಗ ಕೆಲವು ಮಠಾಧೀಶರು ಬೀದಿಗಿಳಿಯುವುದಾಗಿ ಹೇಳಿದರು. ಮೊಟ್ಟೆ ತಿನ್ನದ ಮಗುವಿಗೆ ಬಾಳೆಹಣ್ಣು ಇತ್ತು. ಯಾರ ಬಾಯಿಗೂ ಯಾರೂ ಮೊಟ್ಟೆ ತುರುಕುತ್ತಿರಲಿಲ್ಲ. ಆದರೂ 'ಪಂಕ್ತಿಯಲ್ಲಿ ಭೇದ ಹುಟ್ಟುತ್ತದೆ' ಎಂಬ ಚಿಂತೆ ಅವರನ್ನು ಕಾಡಿತು. ಪಂಕ್ತಿಭೇದದ ಬಗ್ಗೆ ಈ ನಾಡಿನಲ್ಲಿ ಯಾರು ಯಾರಿಗೆ ಪಾಠ ಹೇಳಬೇಕು ಎಂಬುದನ್ನು ಓದುಗರ ವಿವೇಚನೆಗೆ ಬಿಡುತ್ತೇನೆ. ಆಗ ಕೊಪ್ಪಳ ಜಿಲ್ಲೆಯ ಒಬ್ಬಳು ಶಾಲಾ ಹುಡುಗಿ ಕ್ಯಾಮೆರಾದ ಮುಂದೆ ನಿಂತು ನಮಗೆ ಮೊಟ್ಟೆ ಬೇಕೆಂದು ಅಳುಕಿಲ್ಲದೆ ಕೇಳಿದಳು. ಆಯ್ಕೆ ಕೊಟ್ಟಾಗ ಬಹುಪಾಲು ಮಕ್ಕಳು ಆರಿಸಿಕೊಂಡದ್ದೂ ಮೊಟ್ಟೆಯನ್ನೇ. ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಮೊಟ್ಟೆ ಪಡೆದ ಯಾದಗಿರಿಯ ಮಕ್ಕಳನ್ನೂ ಪಡೆಯದ ಗದಗದ ಮಕ್ಕಳನ್ನೂ ಹೋಲಿಸಿ, ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿದ್ದನ್ನು 2022ರಲ್ಲಿ ವರದಿ ಮಾಡಿತು. ಅದೇ ವರ್ಷ ರಾಜ್ಯದ ಪಠ್ಯಕ್ರಮಕ್ಕಾಗಿ ಸಿದ್ಧವಾದ ಇನ್ನೊಂದು ವರದಿ, ಮೊಟ್ಟೆ ಮಾಂಸ ತಿಂದರೆ ಮಕ್ಕಳಿಗೆ ಜೀವನಶೈಲಿಯ ಕಾಯಿಲೆ ಬರಬಹುದೆಂದಿತು. ಎಲುಬು ಎಣಿಸಬಹುದಾದ ಮಗುವಿಗೆ ಬೊಜ್ಜಿನ ಭಯ ಹುಟ್ಟಿಸುವ ಪಾಂಡಿತ್ಯವನ್ನು ಏನೆಂದು ಕರೆಯೋಣ?

ಒಂದು ಮಾತನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಮುಸ್ಲಿಂ ಹೆಸರಿನವರು ಮೊಟ್ಟೆಯ ಪರ ಮಾತಾಡಿದ ಕೂಡಲೇ ಅದನ್ನು 'ಅವರ ಊಟ, ಅವರ ಅಜೆಂಡಾ' ಎಂದು ಬದಿಗೆ ತಳ್ಳುವ ರೂಢಿಯಿದೆ. ರಾಯಚೂರು, ಯಾದಗಿರಿಯ ಅಂಗನವಾಡಿಗಳಲ್ಲಿ ಮೊಟ್ಟೆಗಾಗಿ ಕಾಯುವ ಮಕ್ಕಳಲ್ಲಿ ಮಾದಿಗರ, ಹೊಲೆಯರ, ಬೇಡರ, ಲಂಬಾಣಿಗರ, ಕುರುಬರ ಮಕ್ಕಳೇ ಹೆಚ್ಚು. ಅವರ ಮನೆಯಲ್ಲಿ ಮೊಟ್ಟೆ ನಿಷಿದ್ಧವಲ್ಲ, ದುಬಾರಿ. 2011ರಲ್ಲಿ ರಾಯಚೂರು ಜಿಲ್ಲೆಯಲ್ಲಿ ಅಪೌಷ್ಟಿಕತೆಯಿಂದ ಮಕ್ಕಳು ಸಾಯುತ್ತಿರುವ ಸುದ್ದಿ ಬಂದು ನಾಡು ಬೆಚ್ಚಿಬಿದ್ದಾಗ, ಸತ್ತ ಮಕ್ಕಳ ಜಾತಿಯನ್ನು ಯಾವ ಮಠವೂ ಯಾವ ಮಸೀದಿಯೂ ಕೇಳಲಿಲ್ಲ. ಹೈಕೋರ್ಟು ಮಧ್ಯಪ್ರವೇಶಿಸಿ, ನ್ಯಾಯಮೂರ್ತಿ ಎನ್.ಕೆ. ಪಾಟೀಲರ ನೇತೃತ್ವದ ಸಮಿತಿ 2012ರಲ್ಲಿ ವರದಿ ಕೊಟ್ಟು, ಮೊಟ್ಟೆ ಮತ್ತು ಹಾಲಿನ ವಿಷಯ ಮುನ್ನೆಲೆಗೆ ಬಂದದ್ದು ಆ ಸಾವುಗಳ ಮೇಲೆ. ಇಂದು ಅಂಗನವಾಡಿಯ ಮಗು ವಾರಕ್ಕೆ ಎರಡು ದಿನ ತಿನ್ನುವ ಮೊಟ್ಟೆಗೆ ಇಂಥ ಇತಿಹಾಸವಿದೆ. ಅದನ್ನು ಧರ್ಮದ ಚರ್ಚೆಗೆ ಎಳೆಯುವವರಿಗೆ ಈ ಇತಿಹಾಸ ಗೊತ್ತಿಲ್ಲ, ಇಲ್ಲವೇ ಗೊತ್ತಿದ್ದೂ ಬೇಕಾಗಿಲ್ಲ.

ಶಾಲಾ ಮಕ್ಕಳ ವಿಷಯದಲ್ಲಿ 2024ರಲ್ಲಿ ಒಂದು ಬದಲಾವಣೆಯಾಯಿತು. ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ಒಂದರಿಂದ ಹತ್ತನೇ ತರಗತಿಯ ಮಕ್ಕಳಿಗೆ ವಾರಕ್ಕೆ ಆರು ದಿನ ಮೊಟ್ಟೆ ಎಂದು ತೀರ್ಮಾನವಾಯಿತು. ಕೊಟ್ಟವರಿಗೆ ಕೃತಜ್ಞತೆ ಸಲ್ಲಬೇಕು. ಆದರೆ ಒಂದು ಸರ್ಕಾರ ತನ್ನ ಮಕ್ಕಳ ಮೊಟ್ಟೆಗೆ ಒಬ್ಬ ಉದ್ಯಮಿಯ ಉದಾರತೆಯನ್ನು ಆಶ್ರಯಿಸಬೇಕಾಗಿ ಬಂದದ್ದು ಹೆಮ್ಮೆಯ ಸಂಗತಿಯಲ್ಲ. ದಾನದ ಕರಾರಿಗೆ ಅವಧಿಯಿರುತ್ತದೆ, ಮಗುವಿನ ಹಸಿವಿಗೆ ಅವಧಿಯಿಲ್ಲ. ಇನ್ನೂ ಒಂದು ವಿಚಿತ್ರ ನೋಡಿ. ಆರು ವರ್ಷ ದಾಟಿದ ಮಗುವಿಗೆ ಆರು ಮೊಟ್ಟೆ, ಆರು ವರ್ಷ ದಾಟದ ಮಗುವಿಗೆ ಎರಡು. ಮಿದುಳು ಬೆಳೆಯುವುದು, ಎಲುಬು ಗಟ್ಟಿಯಾಗುವುದು ಮೊದಲ ವರ್ಷಗಳಲ್ಲಿ ಎಂದು ವೈದ್ಯರೆಲ್ಲ ಹೇಳುತ್ತಾರೆ. ನಾವು ಗಿಡಕ್ಕೆ ನೀರು ಹಾಕದೆ ಮರಕ್ಕೆ ಹಾಕುತ್ತಿದ್ದೇವೆ.

ಆ ಮೊದಲ ವರ್ಷಗಳಲ್ಲೂ ಮೊದಲಿನದು ಹುಟ್ಟಿನಿಂದ ಮೂರರವರೆಗಿನ ವಯಸ್ಸು. ಅಂಗನವಾಡಿಯ ಬಿಸಿ ಅನ್ನ ಸಿಗುವುದು ಮೂರು ದಾಟಿದ ಮೇಲೆ. ಅದಕ್ಕಿಂತ ಚಿಕ್ಕ ಕೂಸಿಗೆ ಸಿಗುವುದು ಮನೆಗೆ ಒಯ್ಯುವ ಹಿಟ್ಟಿನ ಪೊಟ್ಟಣ. ಆ ಪೊಟ್ಟಣ ಮನೆಗೆ ಹೋದರೆ ಅದರಲ್ಲಿ ಪಾಲು ಕೇಳಲು ಅಣ್ಣ ಅಕ್ಕ ಎಲ್ಲರೂ ಇರುತ್ತಾರೆ. ಬಡವರ ಮನೆಯಲ್ಲಿ ಒಬ್ಬರ ಹೆಸರಿಗೆ ಬಂದದ್ದನ್ನು ಒಬ್ಬರೇ ತಿನ್ನುವ ಸಂಪ್ರದಾಯವಿಲ್ಲ. ಮೇಲಾಗಿ ಈ ಪೊಟ್ಟಣದ ವ್ಯವಹಾರವೂ ಸ್ವಚ್ಛವಾಗಿರಲಿಲ್ಲ. ಮಹಿಳಾ ಸಂಘಗಳ ಹೆಸರಿನ ಹಿಂದೆ ಖಾಸಗಿ ಗುತ್ತಿಗೆದಾರರು ಅಡಗಿ ಕೂತಿದ್ದಾರೆಂದು ಕರ್ನಾಟಕದ ಬಗ್ಗೆಯೂ ಸುಪ್ರೀಂ ಕೋರ್ಟು ನೇಮಿಸಿದ ಆಯುಕ್ತರ ಕಚೇರಿ 2012ರಲ್ಲಿ ಹೇಳಿತ್ತು.

ಚಿಕ್ಕ ಕೂಸುಗಳಿಗೆ ಬೇಕಾದದ್ದು ತಾಯಿ ದುಡಿಯಲು ಹೋದಾಗ ನೋಡಿಕೊಂಡು ಹೊತ್ತುಹೊತ್ತಿಗೆ ಉಣಿಸುವ ಶಿಶುಪಾಲನಾ ಕೇಂದ್ರ. 2023ರಲ್ಲಿ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ ಹೇಳಿದ್ದು ಈ ದಿಕ್ಕಿನಲ್ಲಿ ಸರಿಯಾದ ಹೆಜ್ಜೆ. ಆದರೆ ಪಟ್ಟಣದ ಕೊಳೆಗೇರಿಗೆ ಗ್ರಾಮ ಪಂಚಾಯತಿಯಿಲ್ಲ. ಅಗರಬತ್ತಿ ಹೊಸೆಯುವ, ಬೀಡಿ ಕಟ್ಟುವ ಹೆಂಗಸರ ಕೂಸುಗಳಿಗೆ ಎಲ್ಲಿದೆ ಮನೆ? ಬೀಡಿ ಕಾರ್ಮಿಕರಿಗಾಗಿ 1966ರಲ್ಲಿ ಬಂದ ಕಾಯ್ದೆಯಲ್ಲಿ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಶಿಶುಮಂದಿರ ಇರಬೇಕೆಂದಿತ್ತು. ಮಾಲೀಕರು ಜಾಣರು. ಕಾರ್ಖಾನೆಯನ್ನೇ ಮನೆಮನೆಗೆ ಹಂಚಿಬಿಟ್ಟರು. ಎಲೆ, ತಂಬಾಕು ಬ್ರಾಂಚಿನಿಂದ ಮನೆಗೆ ಬರುತ್ತದೆ, ಕಟ್ಟಿದ ಬೀಡಿ ಬ್ರಾಂಚಿಗೆ ಹೋಗುತ್ತದೆ. ದಕ್ಷಿಣ ಕನ್ನಡದ ಎಷ್ಟೋ ಮನೆಗಳಲ್ಲಿ ತೆವಳುವ ಕೂಸು ಬೆಳೆಯುವುದು ತಂಬಾಕಿನ ಗೆರಸೆಯ ಪಕ್ಕದಲ್ಲಿ. ಈ ಮನೆಗಳಲ್ಲಿ ಬ್ಯಾರಿಗಳೂ ಇದ್ದಾರೆ, ಬಿಲ್ಲವರೂ ಇದ್ದಾರೆ. ತಾಯಿಯ ಕೈ ಸೂರ್ಯ ಹುಟ್ಟಿದಾಗಿನಿಂದ ಎಲೆಯ ಮೇಲೆ ಓಡುತ್ತಿರುತ್ತದೆ. ಕೂಸಿಗೆ ತುತ್ತು ಹಾಕಲು ಕೈ ತೆಗೆದರೆ ಲೆಕ್ಕದಲ್ಲಿ ಅಷ್ಟು ಬೀಡಿ ಕಡಿಮೆ.

'ಇಷ್ಟೆಲ್ಲ ರಗಳೆ ಯಾಕೆ? ತಾಯಿಯ ಖಾತೆಗೆ ದುಡ್ಡು ಹಾಕಿಬಿಡಿ' ಎಂದು ಅರ್ಥಶಾಸ್ತ್ರ ಬಲ್ಲವರು ಸಲಹೆ ಕೊಡುತ್ತಾರೆ. ಹೆಂಗಸರ ಕೈಗೆ ದುಡ್ಡು ಬರುವುದು ಒಳ್ಳೆಯದೇ. ಆದರೆ ದಿನಕ್ಕೆ ಎಂಟು ರೂಪಾಯಿಯಂತೆ ತಿಂಗಳಿಗೆ ಇನ್ನೂರು ಚಿಲ್ಲರೆ ಖಾತೆಗೆ ಬಿದ್ದರೆ ಅದು ಮನೆಬಾಡಿಗೆಗೆ, ಮುದುಕಿಯ ಮಾತ್ರೆಗೆ, ಸಂಘದ ಸಾಲದ ಕಂತಿಗೆ ಹೋಗುತ್ತದೆ. ಅದು ಆ ತಾಯಿಯ ತಪ್ಪಲ್ಲ, ಆಕೆಯ ಲೆಕ್ಕದಲ್ಲಿ ಸದಾ ಕೊರತೆಯಿದೆ. ಅಂಗನವಾಡಿಯ ಊಟ ಬೇರೆಯೇ ಬಗೆಯದು. ಅಲ್ಲಿ ಒಂದು ಮಗು ಇನ್ನೊಂದು ಮಗುವಿನ ಪಕ್ಕ ಕೂತು ಉಣ್ಣುತ್ತದೆ. ಗೌಡರ ಮಗು, ಹೊಲೆಯರ ಮಗು, ಸಾಬರ ಮಗು ಒಂದೇ ಪಾತ್ರೆಯ ಕಿಚಡಿ ಉಣ್ಣುವ ಜಾಗ ಈ ನಾಡಿನಲ್ಲಿ ಇನ್ನೆಲ್ಲಿದೆ? ಖಾತೆಗೆ ದುಡ್ಡು ಬಿದ್ದರೆ ಈ ಪಂಕ್ತಿ ಎದ್ದುಹೋಗುತ್ತದೆ. ಬಸವಣ್ಣನ ನಾಡಿನಲ್ಲಿ ಇದನ್ನು ಬಿಡಿಸಿ ಹೇಳಬೇಕೇ?

ಹೊಸದಾಗಿ ಇನ್ನೊಂದು ಗೋಡೆ ಎದ್ದಿದೆ. 2025ರ ಜುಲೈ 1ರಿಂದ ಮನೆಗೆ ಒಯ್ಯುವ ಆಹಾರದ ಪೊಟ್ಟಣ ಪಡೆಯಲು ತಾಯಿಯ ಮುಖವನ್ನು ಮೊಬೈಲಿನಲ್ಲಿ ಗುರುತಿಸುವುದು ಕಡ್ಡಾಯವಾಯಿತು. ಮೊದಲು ಆಧಾರ್, ನಂತರ ಓಟಿಪಿ, ನಂತರ ಮುಖ. ಕಳ್ಳತನ ತಡೆಯುವ ಉಪಾಯವಂತೆ. ಕಳ್ಳತನ ನಡೆಯುವುದು ಗೋದಾಮಿನಲ್ಲಿ, ಟೆಂಡರಿನಲ್ಲಿ. ಪರೀಕ್ಷೆ ಮಾತ್ರ ಕಂಕುಳಲ್ಲಿ ಕೂಸು ಹೊತ್ತ ಬಾಣಂತಿಗೆ. ಆಕೆಯ ಆಧಾರಿಗೆ ಜೋಡಿಸಿದ ನಂಬರು ಗಂಡನದ್ದು. ಗಂಡ ದಮ್ಮಾಮಿನಲ್ಲೋ, ಬೆಂಗಳೂರಿನ ಸೈಟಿನಲ್ಲೋ ಇದ್ದಾನೆ. ಅವನು ಫೋನು ಎತ್ತಿ ಆರು ಅಂಕಿ ಹೇಳುವವರೆಗೆ ಕೂಸಿನ ಹಿಟ್ಟು ಕಾಯಬೇಕು. ನೆಟ್‌ವರ್ಕ್ ಇಲ್ಲದ ಮಲೆನಾಡಿನ ಊರಿನಲ್ಲಿ ಕಾರ್ಯಕರ್ತೆ ಫೋನು ಎತ್ತಿ ಹಿಡಿದು ಗುಡ್ಡ ಹತ್ತಬೇಕು. ಐವತ್ತು ವರ್ಷ ತನ್ನ ಬೀದಿಯ ಮಕ್ಕಳ ಹೆಸರು ಬಾಯಿಪಾಠ ಇಟ್ಟುಕೊಂಡ ವ್ಯವಸ್ಥೆಗೆ ಈಗ ಯಂತ್ರ ಬಂದು 'ಇವಳು ಯಾರು?' ಎಂದು ಕೇಳುತ್ತಿದೆ.

ಇನ್ನು ನಮ್ಮ ಮೊಹಲ್ಲಾಗಳ ಕಡೆಗೆ ತಿರುಗುತ್ತೇನೆ. 2006ರ ಜೂನ್‌ನಲ್ಲಿ ಅಲ್ಪಸಂಖ್ಯಾತರಿಗಾಗಿ ಪ್ರಧಾನಿಯ ಹೊಸ 15 ಅಂಶಗಳ ಕಾರ್ಯಕ್ರಮ ಪ್ರಕಟವಾಯಿತು. ಅದರ ಮೊಟ್ಟಮೊದಲ ಅಂಶ ಯಾವುದೆಂದು ನಮ್ಮ ಎಷ್ಟು ಮುಖಂಡರಿಗೆ ಗೊತ್ತಿದೆ? ಮದರಸಾ ಅಲ್ಲ, ವಕ್ಫ್ ಅಲ್ಲ, ಮೀಸಲಾತಿಯೂ ಅಲ್ಲ. ಮೊದಲ ಅಂಶ ಅಂಗನವಾಡಿ. ಅಲ್ಪಸಂಖ್ಯಾತರು ಹೆಚ್ಚಿರುವ ಊರು-ಕೇರಿಗಳಿಗೆ ಶಿಶು ಅಭಿವೃದ್ಧಿ ಯೋಜನೆಯ ನ್ಯಾಯವಾದ ಪಾಲು ಸಿಗಬೇಕು ಎಂಬುದು. ನಮ್ಮ ಜಮಾತುಗಳ ಸಭೆಗಳಲ್ಲಿ ಇದರ ಹೆಸರೆತ್ತಿದವರು ಬಹಳ ಕಡಿಮೆ. ನಲವತ್ತು ಮಕ್ಕಳಿದ್ದರೆ ಅಂಗನವಾಡಿ ಕೇಳಬಹುದೆಂಬ ಆದೇಶವಿದೆ. ನಮ್ಮ ಗಲ್ಲಿಯೊಂದರಲ್ಲೇ ನಲವತ್ತು ಮಕ್ಕಳು ಸಿಗುತ್ತಾರೆ, ಆದರೆ ಅರ್ಜಿ ಬರೆಯುವ ಒಂದು ಕೈ ಸಿಗುವುದಿಲ್ಲ.

ಪಟ್ಟಣಗಳಲ್ಲಿ ಅಂಗನವಾಡಿಗೆ ಸ್ವಂತ ಕಟ್ಟಡ ಸಿಗುವುದು ಕಷ್ಟ. ಹತ್ತಡಿಯ ಬಾಡಿಗೆ ಕೋಣೆ, ಅದರಲ್ಲೇ ಸ್ಟೌ, ಅದರಲ್ಲೇ ಅಕ್ಕಿಮೂಟೆ, ಅದರಲ್ಲೇ ಮಕ್ಕಳು. ಅದೇ ಬೀದಿಯ ಕೊನೆಗೆ ನಮ್ಮ ಶಾದಿಮಹಲ್ ಇರುತ್ತದೆ. ವಾರದಲ್ಲಿ ಒಂದೋ ಎರಡೋ ದಿನ ನಿಕಾಹ್ ನಡೆದು, ಬಿರಿಯಾನಿಯ ಡೇಗು ಇಳಿದು, ಉಳಿದ ದಿನ ಬೀಗ. ಇವುಗಳಲ್ಲಿ ಎಷ್ಟೋ ಮಹಲುಗಳು ಸರ್ಕಾರದ ಅನುದಾನದಿಂದಲೇ ಎದ್ದವು. ಅದರ ಒಂದು ಮೂಲೆಯ ಕೋಣೆಯನ್ನು, ಒಂದು ನಲ್ಲಿಯನ್ನು, ಒಂದು ಪಾಯಖಾನೆಯನ್ನು ಅಂಗನವಾಡಿಗೆ ಬಿಟ್ಟುಕೊಡಲು ಕಮಿಟಿಯ ಹಿರಿಯರಿಗೆ ಏನು ಅಡ್ಡಿ? 'ಸರ್ಕಾರಿ ಊಟಕ್ಕೆ ನಮ್ಮ ಮಕ್ಕಳನ್ನು ಕಳಿಸುವುದು ಇಜ್ಜತ್ತಿನ ಮಾತಲ್ಲ' ಎಂದು ಮೂಗು ಮುರಿಯುವ ಮಂದಿಯೂ ನಮ್ಮಲ್ಲಿದ್ದಾರೆ. ಅವರ ಮನೆಯ ಬಾಣಂತಿಗೆ ರಕ್ತ ಕಡಿಮೆಯಾಗಿ ಜಿಲ್ಲಾಸ್ಪತ್ರೆಗೆ ಒಯ್ಯುವಾಗ ಈ ಇಜ್ಜತ್ತು ಎಲ್ಲಿರುತ್ತದೆ? 2017ರಲ್ಲಿ 'ಮಾತೃಪೂರ್ಣ' ಯೋಜನೆ ಬಂದು ಗರ್ಭಿಣಿ ಬಾಣಂತಿಯರು ಅಂಗನವಾಡಿಯಲ್ಲೇ ಕೂತು ಬಿಸಿಯೂಟ ಮಾಡಬಹುದೆಂದಾಗ, ದೂರ, ಸಂಕೋಚ, ಬಾಣಂತಿ ಹೊರಗೆ ಬರಬಾರದೆಂಬ ರೂಢಿ, ಎಲ್ಲ ಸೇರಿ ಎಷ್ಟೋ ಹೆಂಗಸರನ್ನು ಮನೆಯಲ್ಲೇ ಉಳಿಸಿದವು. ಈ ರೂಢಿ ಎಲ್ಲ ಜಾತಿ ಮತಗಳಲ್ಲೂ ಇದೆ. ನಮ್ಮಲ್ಲಿ ಅದಕ್ಕೆ ಪರದೆಯ ಹೆಸರು ಸೇರಿಕೊಂಡಿತು, ಅಷ್ಟೇ. ಅನ್ನ ಉಣ್ಣಲು ಹೋಗುವ ಗರ್ಭಿಣಿಯನ್ನು ತಡೆಯಬೇಕೆಂದು ಯಾವ ದೀನ್ ಹೇಳಿದೆ?

ಭಾಷೆಯ ಇನ್ನೊಂದು ಜಗಳವೂ ಇದೇ ಅಂಗನವಾಡಿಯ ಬಾಗಿಲಿಗೆ ಬಂತು. 2024ರ ಸೆಪ್ಟೆಂಬರಿನಲ್ಲಿ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಯೂ ಸೇರಿದಂತೆ ಮುಸ್ಲಿಮರು ಹೆಚ್ಚಿರುವ ಕೆಲವೆಡೆ ಕಾರ್ಯಕರ್ತೆಗೆ ಉರ್ದು ಗೊತ್ತಿರಬೇಕೆಂಬ ಪ್ರಕಟಣೆ ಬಂದಾಗ ಕನ್ನಡಕ್ಕೆ ಕುತ್ತು ಬಂತೆಂದು ಕೂಗೆದ್ದಿತು. ಕನ್ನಡ ಶಾಲೆಯಲ್ಲೂ ಉರ್ದು ಶಾಲೆಯಲ್ಲೂ ಕೂತು ಬಂದವರಿಗೆ ಈ ಕೂಗು ವಿಚಿತ್ರವಾಗಿ ಕೇಳಿಸುತ್ತದೆ. ಮೂರು ವರ್ಷದ ಮಗು 'ಭೂಕ್ ಲಗ್ರೀ' ಎಂದರೆ ಅದು ಹಸಿವು ಎಂದು ಅರ್ಥವಾಗುವ ಒಬ್ಬಳು ಅಲ್ಲಿರಬೇಕು. ಗಡಿಯ ಮರಾಠಿ, ತೆಲುಗು ಮಗುವಿಗೂ ಇದೇ ನ್ಯಾಯ. ಆ ಮಗುವಿಗೆ ಕನ್ನಡ ಕಲಿಸಲೇಬೇಕು. ಈ ನಾಡಿನಲ್ಲಿ ಅನ್ನ ದುಡಿಯಬೇಕಾದ ಮಗು ಅದು. ಆದರೆ ಹೊಟ್ಟೆ ತುಂಬಿಸಿ, ಅದರ ಮಾತು ಕೇಳಿಸಿಕೊಂಡು, ನಂತರ ತನ್ನ ಮಾತು ಕಲಿಸುವವಳೇ ಕನ್ನಡದ ನಿಜವಾದ ಶಿಕ್ಷಕಿ.

ಹಾಗಾದರೆ ಆಗಬೇಕಾದದ್ದೇನು? ಮಗುವಿನ ಆಹಾರದ ದರವನ್ನು ಬೆಲೆಯೇರಿಕೆಗೆ ಜೋಡಿಸಿ ವರ್ಷವರ್ಷ ಪರಿಷ್ಕರಿಸಬೇಕು. ನೌಕರರ ತುಟ್ಟಿಭತ್ಯೆಗೆ ಇರುವ ನಿಯಮ ಮಗುವಿನ ಬೇಳೆಗೆ ಯಾಕಿಲ್ಲ? ಅಂಗನವಾಡಿಯ ಮಗುವಿಗೂ ಶಾಲೆಯ ಮಗುವಿನಂತೆ ದಿನಾಲೂ ಮೊಟ್ಟೆ ಸಿಗಬೇಕು. ಬೇಡವೆಂದವರಿಗೆ ಅದಕ್ಕೆ ಸಮನಾದ ಬೇರೆ ಆಹಾರ ಸಿಗಲಿ. ಆದರೆ ಬೇಡವೆಂದವರು ಬೇಕೆಂದವರ ತಟ್ಟೆಯನ್ನು ನಿರ್ಧರಿಸುವುದು ನಿಲ್ಲಲಿ. ಮೊಟ್ಟೆ ತರಕಾರಿಯ ದುಡ್ಡು ತಿಂಗಳು ಶುರುವಾಗುವ ಮೊದಲೇ ಕಾರ್ಯಕರ್ತೆಯ ಕೈ ಸೇರಬೇಕು, ಆಕೆಯ ಗೌರವಧನ ಸಂಬಳವಾಗಬೇಕು. ಮುಖ ಹೊಂದಲಿಲ್ಲವೆಂದು, ಓಟಿಪಿ ಬರಲಿಲ್ಲವೆಂದು ಒಂದು ಪೊಟ್ಟಣವೂ ನಿಲ್ಲಬಾರದು. ಪಟ್ಟಣದ ದುಡಿಯುವ ಕೇರಿಗಳಿಗೂ ಕೂಸಿನ ಮನೆ ಬರಬೇಕು.

ಇವೆಲ್ಲ ಸರ್ಕಾರದ ಕೆಲಸ. ಓದುಗರ ಕೆಲಸವೂ ಒಂದಿದೆ, ಅದಕ್ಕೆ ದುಡ್ಡು ಬೇಕಾಗಿಲ್ಲ. ನಿಮ್ಮ ಬೀದಿಯ ಅಂಗನವಾಡಿ ಎಲ್ಲಿದೆ ಎಂದು ಪತ್ತೆಹಚ್ಚಿ. ಒಂದು ದಿನ ಊಟದ ಹೊತ್ತಿಗೆ ಅಲ್ಲಿಗೆ ಹೋಗಿ. ಅಧಿಕಾರಿಯ ಠೀವಿಯಲ್ಲಿ ಬೇಡ, ಕ್ಯಾಮೆರಾ ಹಿಡಿದೂ ಬೇಡ, ನೆರೆಮನೆಯವರಾಗಿ ಹೋಗಿ. ಆ ಕಾರ್ಯಕರ್ತೆಯನ್ನು ಹೆಸರು ಹಿಡಿದು ಮಾತಾಡಿಸಿ. ಮೊಟ್ಟೆಯ ಬಿಲ್ಲು ಬಂತೇ ಎಂದು ಕೇಳಿ. ಬಂದಿಲ್ಲವೆಂದರೆ ತಾಲ್ಲೂಕು ಕಚೇರಿಗೆ ಆಕೆಯ ಪರವಾಗಿ ನೀವೊಂದು ಅರ್ಜಿ ಬರೆಯಿರಿ, ಅದರ ಕೆಳಗೆ ಬೀದಿಯ ಹತ್ತು ಮನೆಯವರ ರುಜು ಹಾಕಿಸಿ. ಮತ ಕೇಳಲು ಬರುವವರು ನಿಮ್ಮ ಮನೆಯಂಗಳಕ್ಕೆ ಬಂದಾಗ ಒಂದೇ ಒಂದು ಪ್ರಶ್ನೆ ಕೇಳಿ: ಎಂಟು ರೂಪಾಯಿಗೆ ನಿಮ್ಮ ಮೊಮ್ಮಗ ಒಂದು ದಿನ ಬದುಕುತ್ತಾನೆಯೇ?